ದಂತಸಂಶೋಧನೆಯ ಪತ್ರಿಕೆ: ಅದರ ಬೆಳವಣಿಗೆಯೂ ಮುಂದಿನ ಹಾದಿಯೂ

ಹಲ್ಲಿನ ವಿಷಯವನ್ನು ಈ ಪುಟಕ್ಕೆ ತರುವುದು ನಮ್ಮ ವಾಚಕರಲ್ಲಿ ಕೆಲವರಿಗೆ ವಿನೋದವಾಗಿ ತೋರಬಹುದು. ರಾಜ್ಯಗಳ ಏಳುಬೀಳುಗಳಿಗೂ ಆಯವ್ಯಯದ ಚರ್ಚೆಗೂ ಮೀಸಲಾದ ಸ್ಥಳದಲ್ಲಿ ಹುಳುಕು ಹಲ್ಲಿಗೇನು ಕೆಲಸವೆಂದು ಅವರು ಕೇಳಿಯಾರು. ಹಲ್ಲು ನೋಯದಿರುವವರೆಗೆ ಎಲ್ಲರೂ ಹೀಗೆಯೇ ಕೇಳುವರು. ನೋವು ಹತ್ತಿದ ರಾತ್ರಿ ರಾಜ್ಯವೂ ಬೇಡ, ಆಯವ್ಯಯವೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನಲ್ಲಿ ಸುಮಾರು ೩೫೦ ಕೋಟಿ ಜನರು ಬಾಯಿಯ ಯಾವುದಾದರೊಂದು ರೋಗಕ್ಕೆ ಗುರಿಯಾಗಿರುವರು. ಹಾಲುಹಲ್ಲು ಹುಳುಕಾದ ಮಕ್ಕಳ ಸಂಖ್ಯೆಯೇ ೫೧ ಕೋಟಿಯನ್ನು ಮೀರಿದೆ. ಈ ರೋಗಿಗಳಲ್ಲಿ ನಾಲ್ವರಿಗೆ ಮೂವರು ಮಧ್ಯಮ ಆದಾಯದ ದೇಶಗಳವರು, ಅಂದರೆ ನಮ್ಮಂತಹ ದೇಶಗಳವರು. ಇಷ್ಟು ಜನರನ್ನು ಬಾಧಿಸುವ ವಿಷಯವು ಸಾರ್ವಜನಿಕ ವಿಷಯವಲ್ಲದೆ ಮತ್ತೇನು?

ಆದರೆ ನಾವು ಇಂದು ಬರೆಯಹೊರಟಿರುವುದು ರೋಗದ ಕುರಿತಲ್ಲ, ಆ ರೋಗದ ಸಂಗತಿಯನ್ನು ಲೋಕಕ್ಕೆ ತಿಳಿಸುವ ಪತ್ರಿಕೆಯ ಕುರಿತು. ವೈದ್ಯನು ನಮ್ಮ ಬಾಯಿಯಲ್ಲಿ ಕೈಯಿಡುವಾಗ ಅವನ ಕೈಯನ್ನು ನಡೆಸುವುದು ಅವನು ಓದಿದ ವಿದ್ಯೆ. ಆ ವಿದ್ಯೆಯು ವರ್ಷದಿಂದ ವರ್ಷಕ್ಕೆ ತಿದ್ದುಪಡಿಯಾಗುವುದು ಸಂಶೋಧನ ಪತ್ರಿಕೆಗಳ ಮೂಲಕ. ಅಲ್ಲಿ ಅಚ್ಚಾದುದು ಸತ್ಯವಾಗಿದ್ದರೆ ನಮ್ಮ ಹಲ್ಲು ಉಳಿಯುವುದು. ಅಲ್ಲಿ ಅಚ್ಚಾದುದು ಯಾರದೋ ಲಾಭಕ್ಕೆ ತಕ್ಕಂತೆ ತಿರುಚಿದ ಮಾತಾಗಿದ್ದರೆ, ಅದರ ಬೆಲೆಯನ್ನು ತೆರುವವರು ಆ ಪತ್ರಿಕೆಯ ಹೆಸರನ್ನೇ ಕೇಳದ ಜನರು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕೆಂಬುದು ನಮ್ಮ ಹಿರಿಯರ ಮಾತು. ಮನುಷ್ಯನಿಗೆ ಈ ಮಾತು ಭೂಷಣವು. ಸಂಶೋಧನ ಪತ್ರಿಕೆಗೆ ಇದೇ ಅಪಾಯವು. ಆದುದರಿಂದ ಪತ್ರಿಕೆಯೊಂದರ ಯೋಗ್ಯತೆಯನ್ನು ಅಳೆಯಬೇಕಾದಾಗ ಅದು ಯಾರ ಉಪ್ಪನ್ನುಂಡು ಬೆಳೆಯುತ್ತಿದೆಯೆಂಬುದನ್ನು ಮೊದಲು ವಿಚಾರಿಸತಕ್ಕದ್ದು. ದಂತಸಂಶೋಧನೆಯ ಮುಖ್ಯ ಪತ್ರಿಕೆಯೊಂದರ ನೂರು ವರ್ಷಗಳ ಚರಿತ್ರೆಯು ಈ ವಿಚಾರಕ್ಕೆ ಒಳ್ಳೆಯ ನಿದರ್ಶನವನ್ನು ಒದಗಿಸಿದೆ.

ದಂತವೈದ್ಯಕ್ಕೆ ಪತ್ರಿಕೆಯೆಂಬುದು ಮೊದಲು ದೊರಕಿದ್ದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ೧೮೩೯ರಲ್ಲಿ ಅಮೆರಿಕನ್ ಜರ್ನಲ್ ಆಫ್ ಡೆಂಟಲ್ ಸೈನ್ಸ್ ಹೊರಟಿತು. ಮರುವರ್ಷ ಬಾಲ್ಟಿಮೋರ್ ನಗರದಲ್ಲಿ ಹೋರೇಸ್ ಹೇಡನ್, ಚಾಪಿನ್ ಹ್ಯಾರಿಸ್ ಎಂಬಿಬ್ಬರು ಜಗತ್ತಿನ ಮೊದಲನೆಯ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ಪತ್ರಿಕೆಯೂ ಪಾಠಶಾಲೆಯೂ ಹೀಗೆ ಅವಳಿಮಕ್ಕಳಂತೆ ಹುಟ್ಟಿದವು. ಅದಕ್ಕೆ ಮೊದಲು ಹಲ್ಲು ಕೀಳುವ ವಿದ್ಯೆಯು ಕ್ಷೌರಿಕನ ಚೀಲದಲ್ಲಿಯೋ ಸಂತೆಯ ಬೀದಿಯಲ್ಲಿಯೋ ಇದ್ದಿತು. ತನಗೆ ತಿಳಿದುದನ್ನು ಮತ್ತೊಬ್ಬನಿಗೆ ತಿಳಿಸದೆ ಮುಚ್ಚಿಡುವುದೇ ಕಸುಬಿನ ಬಂಡವಾಳವಾಗಿತ್ತು. ತಿಳಿದುದನ್ನು ಅಚ್ಚುಹಾಕಿಸಿ ಹತ್ತು ಜನರೆದುರು ಇಡುವುದೆಂಬ ಪದ್ಧತಿಯು ಬಂದೊಡನೆ ಆ ಕಸುಬು ಶಾಸ್ತ್ರವಾಗುವ ಹಾದಿಯನ್ನು ಹಿಡಿಯಿತು.

ಆದರೆ ಪತ್ರಿಕೆಯನ್ನು ನಡೆಸಲು ಹಣ ಬೇಕು. ಚಂದಾದಾರರು ಕೆಲವರೇ ಇದ್ದಲ್ಲಿ ಹಣವು ಎಲ್ಲಿಂದ ಬರಬೇಕು? ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟವರು ಹಲ್ಲಿನ ಸಾಮಾನುಗಳ ವರ್ತಕರು. ಕೃತಕ ಹಲ್ಲುಗಳನ್ನೂ ಉಪಕರಣಗಳನ್ನೂ ತಯಾರಿಸಿ ಮಾರುತ್ತಿದ್ದ ಫಿಲಡೆಲ್ಫಿಯದ ಎಸ್. ಎಸ್. ವೈಟ್ ಕಂಪನಿಯು ೧೮೫೯ರಿಂದ ಡೆಂಟಲ್ ಕಾಸ್ಮಾಸ್ ಎಂಬ ಮಾಸಿಕವನ್ನು ಹೊರಡಿಸುತ್ತಿದ್ದಿತು. ನ್ಯಾಯವಾಗಿ ಹೇಳಬೇಕಾದರೆ ಇದು ಕೀಳು ಪತ್ರಿಕೆಯಾಗಿರಲಿಲ್ಲ. ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನ ಮಕ್ಕಳ ಹಲ್ಲುಗಳ ಮೇಲೆ ಕಾಣುತ್ತಿದ್ದ ಕಂದು ಕಲೆಗಳನ್ನು ೧೯೦೧ರಿಂದಲೂ ಹಿಂಬಾಲಿಸಿ ಹೋದ ಫ್ರೆಡರಿಕ್ ಮೆಕ್‌ಕೇ ಎಂಬ ದಂತವೈದ್ಯನೂ, ಆ ವೃತ್ತಿಯ ಮಹಾಪಂಡಿತನಾದ ಜಿ. ವಿ. ಬ್ಲ್ಯಾಕನೂ ನಡೆಸಿದ ಪರಿಶೀಲನೆಯು ೧೯೧೬ರಲ್ಲಿ ಅಚ್ಚಾದುದು ಈ ವರ್ತಕರ ಮಾಸಿಕದಲ್ಲಿಯೇ.

ಹಾಗಾದರೆ ದೋಷವೆಲ್ಲಿ? ಅಚ್ಚಾದುದರಲ್ಲಿ ದೋಷವನ್ನು ಹುಡುಕುವುದು ಸುಲಭ. ಅಚ್ಚಾಗದೆ ಉಳಿದುದನ್ನು ಹುಡುಕುವುದು ಕಷ್ಟ. ಪತ್ರಿಕೆಯ ಒಡೆಯನು ಮಾರುವ ಸಾಮಾನು ಹಾನಿಕರವೆಂದು ಯಾರಾದರೂ ಬರೆದರೆ ಆ ಲೇಖನವು ಎಲ್ಲಿಗೆ ಹೋಗಬೇಕು? ಪತ್ರಿಕೆಯನ್ನು ನಡೆಸುವವರೆಲ್ಲರೂ ಈ ಸಂಕಟವನ್ನು ಬಲ್ಲರು. ಜಾಹೀರಾತುದಾರನು ಎಂದೂ ಸಂಪಾದಕನ ಕೈ ಹಿಡಿದು ಬರೆಸುವುದಿಲ್ಲ. ಬರೆಯುವ ಮೊದಲು ಸಂಪಾದಕನೇ ಅವನ ಮುಖವನ್ನು ಮನಸ್ಸಿನಲ್ಲಿ ನೋಡಿಕೊಳ್ಳುವನು. ಆಜ್ಞೆಯಿಂದ ಆಗುವ ಹಾನಿಗಿಂತ ಈ ದಾಕ್ಷಿಣ್ಯದಿಂದ ಆಗುವ ಹಾನಿಯೇ ದೊಡ್ಡದು.

ಸ್ವತಂತ್ರವಾದ ಪರೀಕ್ಷೆಯಿಲ್ಲದ ವೃತ್ತಿಗೆ ಏನಾಗುವುದೆಂಬುದನ್ನು ಆ ಕಾಲದ ಇನ್ನೊಂದು ಪ್ರಸಂಗವು ತೋರಿಸಿತು. ೧೯೧೦ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯನು ಕೆನಡದ ಮಾಂಟ್ರಿಯಲ್ ನಗರದಲ್ಲಿ ಉಪನ್ಯಾಸವನ್ನು ಮಾಡಿ, ಚಿನ್ನದ ತೊಡವುಗಳ ಅಡಿಯಲ್ಲಿ ಕೊಳೆಯುತ್ತಿರುವ ಹಲ್ಲುಗಳೇ ದೇಹದ ಅನೇಕ ರೋಗಗಳಿಗೆ ಮೂಲವೆಂದು ದಂತವೈದ್ಯರ ಮೇಲೆ ದೋಷವನ್ನು ಹೊರಿಸಿದನು. ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು. ಆದರೆ ಅದನ್ನು ಒರೆಹಚ್ಚಿ ನೋಡುವ ಸಾಧನವು ವೃತ್ತಿಯಲ್ಲಿರಲಿಲ್ಲ. ಪರಿಣಾಮವೇನಾಯಿತು? ಕೀಲುನೋವಿಗೂ ಹಲ್ಲು ಕೀಳು, ಹೊಟ್ಟೆನೋವಿಗೂ ಹಲ್ಲು ಕೀಳು ಎಂಬ ಹುಚ್ಚು ಹಲವು ವರ್ಷಗಳ ಕಾಲ ಹಬ್ಬಿ, ಗಟ್ಟಿಯಾದ ಹಲ್ಲುಗಳನ್ನೂ ಲೆಕ್ಕವಿಲ್ಲದಷ್ಟು ಜನರು ವೃಥಾ ಕಳೆದುಕೊಂಡರು. ಪ್ರಮಾಣವಿಲ್ಲದ ಮಾತಿಗೆ ಪ್ರಮಾಣವುಳ್ಳ ಮಾತಿನಿಂದಲೇ ಉತ್ತರ ಕೊಡಬೇಕು. ಆ ಉತ್ತರವನ್ನು ಕೊಡಬಲ್ಲ ಸ್ಥಳವು ಬೇಕಾಗಿದ್ದಿತು.

ಆ ಸ್ಥಳವನ್ನು ನಿರ್ಮಿಸಿದವರು ದಂತವೈದ್ಯರೇ ಅಲ್ಲವೆಂಬುದು ವಿಶೇಷ ಸಂಗತಿಯು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಜಾನ್ ಗೀಸ್ ಎಂಬ ಮಹನೀಯರು ಹಲ್ಲಿನ ಮತ್ತು ಜೊಲ್ಲಿನ ರಸಾಯನವನ್ನು ಅಭ್ಯಸಿಸುತ್ತ ಈ ವೃತ್ತಿಯ ದಾರಿದ್ರ್ಯವನ್ನು ಕಂಡುಕೊಂಡರು. ದಾರಿದ್ರ್ಯವೆಂದರೆ ಹಣದ ದಾರಿದ್ರ್ಯವಲ್ಲ, ಪ್ರಮಾಣದ ದಾರಿದ್ರ್ಯ. ೧೯೧೯ರಲ್ಲಿ ಅವರು ಜರ್ನಲ್ ಆಫ್ ಡೆಂಟಲ್ ರಿಸರ್ಚ್ ಎಂಬ ಪತ್ರಿಕೆಯನ್ನು ಆರಂಭಿಸಿದರು. ಮರುವರ್ಷ ಡಿಸೆಂಬರ್ ೧೦ರಂದು ನ್ಯೂಯಾರ್ಕಿನಲ್ಲಿ ಅವರ ಪ್ರೇರಣೆಯಿಂದಲೇ ಅಂತರರಾಷ್ಟ್ರೀಯ ದಂತಸಂಶೋಧನ ಸಂಘವು ಸ್ಥಾಪಿತವಾಯಿತು. ಸಂಘದ ಹಿಂದೆ ಪತ್ರಿಕೆಯು ಹುಟ್ಟಲಿಲ್ಲ. ಪತ್ರಿಕೆಯ ಹಿಂದೆ ಸಂಘವು ಹುಟ್ಟಿತು. ಈ ಕ್ರಮವು ನಮಗೆ ಅರ್ಥವತ್ತಾಗಿ ತೋರುತ್ತದೆ. ಮಾತನಾಡುವ ಬಾಯಿ ಮೊದಲು, ಅದಕ್ಕೆ ಆಸರೆಯಾಗುವ ಮೈ ಆಮೇಲೆ.

ಗೀಸರು ಅಷ್ಟಕ್ಕೇ ನಿಲ್ಲಲಿಲ್ಲ. ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಸಂಯುಕ್ತ ಸಂಸ್ಥಾನಗಳ ಮತ್ತು ಕೆನಡದ ದಂತವೈದ್ಯ ಶಾಲೆಗಳನ್ನು ಪರೀಕ್ಷಿಸಿ ೧೯೨೬ರಲ್ಲಿ ವರದಿಯೊಂದನ್ನು ಹೊರಡಿಸಿ, ದಂತವೈದ್ಯವು ವೈದ್ಯಶಾಸ್ತ್ರಕ್ಕೆ ಸಮಾನವಾದ ವಿಶ್ವವಿದ್ಯಾಲಯದ ವಿದ್ಯೆಯಾಗಬೇಕೆಂದು ವಾದಿಸಿದರು. ಹಣ ಗಳಿಸುವುದಕ್ಕೆಂದೇ ನಡೆಯುತ್ತಿದ್ದ ಖಾಸಗಿ ದಂತಶಾಲೆಗಳಿಗೆ ಆ ವರದಿಯು ಮರಣಶಾಸನವಾಯಿತೆನ್ನಬಹುದು. ಅನಂತರ ವರ್ತಕರ ಕೈಯಲ್ಲಿದ್ದ ದಂತಪತ್ರಿಕೆಗಳ ವಿರುದ್ಧವಾಗಿ ಚಳವಳಿಯನ್ನು ಹೂಡಿದರು. ವೃತ್ತಿಯ ಪತ್ರಿಕೆಯು ವೃತ್ತಿಯವರ ಒಡೆತನದಲ್ಲಿಯೇ ಇರತಕ್ಕದ್ದೆಂಬುದು ಅವರ ನಿಲುವು. ಈ ವಾದಕ್ಕೆ ಕ್ರಮೇಣ ಜಯವಾಯಿತು. ಡೆಂಟಲ್ ಕಾಸ್ಮಾಸ್ ಪತ್ರಿಕೆಯು ೧೯೩೬ರಲ್ಲಿ ತನ್ನ ಸ್ವತಂತ್ರ ಜೀವನವನ್ನು ಮುಗಿಸಿ ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ ಲೀನವಾಯಿತು. ಗೀಸರು ೧೯೫೬ರಲ್ಲಿ ಕಾಲವಾದರು; ಅವರ ಪತ್ರಿಕೆಯು ಮಾತ್ರ ಶತಮಾನವನ್ನು ದಾಟಿ ನಡೆಯುತ್ತಿದೆ, ಅದರ ಸಂಘಕ್ಕೆ ಇಂದು ನಾನಾ ದೇಶಗಳ ಸುಮಾರು ಹತ್ತು ಸಾವಿರ ಸದಸ್ಯರಿರುವರು.

ಪತ್ರಿಕೆಯು ಬೆಳೆಯಿತೆಂದರೆ ಪುಟಗಳು ಹೆಚ್ಚಿದವೆಂದು ಮಾತ್ರ ಅರ್ಥವಲ್ಲ. ಅದು ಲೋಕಕ್ಕೆ ಏನನ್ನು ಕೊಟ್ಟಿತು? ಎರಡು ಉದಾಹರಣೆಗಳು ಸಾಕು. ಆಹಾರದ ಸಿಹಿಯನ್ನು ಬಾಯಿಯ ಸೂಕ್ಷ್ಮಜೀವಿಗಳು ಆಮ್ಲವಾಗಿ ಮಾರ್ಪಡಿಸುವುದರಿಂದ ಹಲ್ಲು ಹುಳುಕಾಗುವುದೆಂದು ಬರ್ಲಿನ್ನಿನಲ್ಲಿದ್ದ ಮಿಲ್ಲರ್ ಎಂಬ ಅಮೆರಿಕನ್ ವಿದ್ವಾಂಸನು ೧೮೯೦ರಲ್ಲಿಯೇ ಗ್ರಂಥವನ್ನು ಬರೆದಿದ್ದನು. ಇದಕ್ಕೆ ನಿಸ್ಸಂದೇಹವಾದ ಸಾಕ್ಷ್ಯವು ಬಂದುದು ೧೯೫೪ರಲ್ಲಿ, ಗೀಸರ ಪತ್ರಿಕೆಯ ಪುಟಗಳಲ್ಲಿ. ಆರ್ಲೆಂಡ್ ಎಂಬವರೂ ಅವರ ಸಂಗಡಿಗರೂ ಹುಟ್ಟಿದಂದಿನಿಂದ ಒಂದು ಸೂಕ್ಷ್ಮಜೀವಿಯೂ ಸೋಕದಂತೆ ಇಲಿಗಳನ್ನು ಸಾಕಿ, ಅವುಗಳಿಗೆ ಸಕ್ಕರೆ ತುಂಬಿದ ಆಹಾರವನ್ನೇ ತಿನ್ನಿಸಿದರು. ಅವುಗಳ ಹಲ್ಲು ಹುಳುಕಾಗಲಿಲ್ಲ. ಅದೇ ಆಹಾರವನ್ನು ತಿಂದ ಸಾಧಾರಣ ಇಲಿಗಳ ಹಲ್ಲುಗಳು ಹಾಳಾದವು. ನಮ್ಮ ಅಜ್ಜಿಯರು ನಂಬಿದ್ದ ಹಲ್ಲಿನ ಹುಳುವಿನ ಕಥೆಯೂ, ಬರಿಯ ಸಕ್ಕರೆಯೇ ಹಲ್ಲನ್ನು ಕರಗಿಸುವುದೆಂಬ ತರ್ಕವೂ ಅಂದಿಗೆ ಮುಗಿದವು.

ಎರಡನೆಯದು ೧೯೫೫ರದು. ರಾಚೆಸ್ಟರಿನ ಮೈಕೇಲ್ ಬ್ಯೂನೊಕೋರ್ ಎಂಬವರು, ಲೋಹದ ತಗಡಿಗೆ ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಆಮ್ಲದಿಂದ ಉಜ್ಜುವುದನ್ನು ಕಂಡು, ಹಲ್ಲಿನ ಹೊರಕವಚವನ್ನೂ ಫಾಸ್ಫಾರಿಕ್ ಆಮ್ಲದಿಂದ ಸ್ವಲ್ಪ ತರಿಮಾಡಿದರೆ ತುಂಬಿಸುವ ಪದಾರ್ಥವು ಗಟ್ಟಿಯಾಗಿ ಅಂಟಿಕೊಳ್ಳುವುದೆಂದು ಚಿಕ್ಕದೊಂದು ಲೇಖನದಲ್ಲಿ ತೋರಿಸಿದರು. ಇಂದು ಪಟ್ಟಣದ ಯಾವ ದಂತಚಿಕಿತ್ಸಾಲಯಕ್ಕೆ ಹೋದರೂ ಹಲ್ಲಿನ ಬಣ್ಣಕ್ಕೆ ಹೊಂದುವಂತೆ ತುಂಬಿಸಿಕೊಡುವರಷ್ಟೆ. ಆ ವಿದ್ಯೆಯ ಬೇರು ಅಲ್ಲಿದೆ. ಆದರೆ ಆ ಲೇಖನವು ಹೊರಟ ಮೇಲೆ ಅನೇಕ ವರ್ಷಗಳು ವೃತ್ತಿಯವರು ಅದನ್ನು ಹೆಚ್ಚಾಗಿ ಲೆಕ್ಕಿಸಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಮುಂದೆ ಇದರಿಂದ ಪ್ರಯೋಜನವಿದೆ.

ಇಷ್ಟಾದ ಮೇಲೆ ವರ್ತಕರ ಕೈ ದೂರವಾಯಿತೆಂದು ತಿಳಿಯಬಹುದೆ? ಮುಂದಿನ ಬಾಗಿಲನ್ನು ಮುಚ್ಚಿದರೆ ಹಿತ್ತಲ ಬಾಗಿಲು ಇದ್ದೇ ಇದೆ. ೧೯೭೧ರಲ್ಲಿ ಅಮೆರಿಕದ ರಾಷ್ಟ್ರೀಯ ದಂತಸಂಶೋಧನ ಸಂಸ್ಥೆಯು ಹುಳುಕುಹಲ್ಲನ್ನು ಹತ್ತು ವರ್ಷಗಳಲ್ಲಿ ನಿರ್ಮೂಲಮಾಡುವೆವೆಂದು ದೊಡ್ಡ ಕಾರ್ಯಕ್ರಮವನ್ನು ಹಮ್ಮಿಕೊಂಡಿತು. ಸಕ್ಕರೆಯನ್ನು ಕಡಿಮೆಮಾಡುವ ಮಾರ್ಗವನ್ನು ಕುರಿತ ಸಂಶೋಧನೆಗೆ ಅದರಲ್ಲಿ ತಕ್ಕ ಸ್ಥಾನವೇ ದೊರಕಲಿಲ್ಲ. ಕಾರಣವು ಹೊರಬಿದ್ದುದು ೨೦೧೫ರಲ್ಲಿ. ಕ್ರಿಸ್ಟಿನ್ ಕರ್ನ್ಸ್ ಎಂಬ ದಂತವೈದ್ಯೆಯೂ ಅವರ ಸಹೋದ್ಯೋಗಿಗಳೂ ಹಳೆಯ ಕಡತಗಳನ್ನು ಶೋಧಿಸಿ, ಸಕ್ಕರೆ ಉದ್ಯಮದವರು ಆ ಸಂಸ್ಥೆಗೆ ಒಪ್ಪಿಸಿದ ವರದಿಯ ಶೇಕಡಾ ೭೮ರಷ್ಟು ಭಾಗವು ಸರಕಾರದ ಮೊದಲನೆಯ ಸಂಶೋಧನಾಹ್ವಾನದಲ್ಲಿ ಸೇರಿಹೋಗಿತ್ತೆಂದು ತೋರಿಸಿಕೊಟ್ಟರು. ಹಲ್ಲಿಗೆ ಲಸಿಕೆಯನ್ನು ಹುಡುಕಿರಿ, ಹಲ್ಲಿನ ಮೇಲಿನ ಪಾಚಿಯನ್ನು ಕರಗಿಸುವ ಕಿಣ್ವಗಳನ್ನು ಹುಡುಕಿರಿ, ಸಕ್ಕರೆಯ ಮಾತನ್ನು ಮಾತ್ರ ಎತ್ತಬೇಡಿರಿ ಎಂಬುದು ಅದರ ತಾತ್ಪರ್ಯ. ಯಾವ ಸುಳ್ಳನ್ನೂ ಯಾರೂ ಅಚ್ಚುಮಾಡಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳದಂತೆ ಮಾಡಿದರು, ಅಷ್ಟೆ. ಪ್ರಶ್ನೆಯೇ ಹುಟ್ಟದಿದ್ದರೆ ಅತ್ಯಂತ ಪ್ರಾಮಾಣಿಕನಾದ ಸಂಪಾದಕನೂ ಉತ್ತರವನ್ನು ಎಲ್ಲಿಂದ ಅಚ್ಚುಮಾಡಿಯಾನು?

ಪ್ರಕೃತ ಕಾಲದಲ್ಲಿ ಇನ್ನೆರಡು ಹೊಸ ಒಡೆತನಗಳು ಸಂಶೋಧನ ಪತ್ರಿಕೆಗಳನ್ನು ಆವರಿಸಿವೆ. ಒಂದು ಅಂಕಿಗಳ ಒಡೆತನ. ಒಂದು ಪತ್ರಿಕೆಯಲ್ಲಿ ಹಿಂದಿನ ಎರಡು ವರ್ಷಗಳಲ್ಲಿ ಅಚ್ಚಾದ ಲೇಖನಗಳನ್ನು ಈ ವರ್ಷ ಇತರರು ಎಷ್ಟು ಸಲ ಉಲ್ಲೇಖಿಸಿದರೆಂದು ಎಣಿಸಿ ಸರಾಸರಿ ತೆಗೆದರೆ ಅದಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದು ಹೆಸರು. ಗ್ರಂಥಭಂಡಾರಗಳವರು ಯಾವ ಪತ್ರಿಕೆಗೆ ಚಂದಾ ಕಳುಹಿಸಬೇಕೆಂದು ತಿಳಿಯಲು ನೆರವಾಗಿದ್ದ ಈ ಲೆಕ್ಕವು ಇಂದು ಪ್ರಾಧ್ಯಾಪಕರ ಬಡ್ತಿಗೂ ಕಾಲೇಜುಗಳ ಪ್ರತಿಷ್ಠೆಗೂ ಅಳತೆಗೋಲಾಗಿದೆ. ಎರಡು ವರ್ಷಗಳ ಕೋಲಿನಿಂದ ಅಳೆದಿದ್ದರೆ ಬ್ಯೂನೊಕೋರರ ಲೇಖನದ ಬೆಲೆ ಎಷ್ಟಾಗುತ್ತಿತ್ತು? ತೆಂಗಿನ ಸಸಿಯನ್ನು ನೆಟ್ಟು ಎರಡನೆಯ ವರ್ಷ ಕಾಯಿಯನ್ನು ಎಣಿಸಹೋಗುವ ಒಕ್ಕಲಿಗನುಂಟೆ? ೨೦೧೨ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕಲೆತ ಸಂಪಾದಕರೂ ಪ್ರಕಾಶಕರೂ, ಪತ್ರಿಕೆಯ ಅಂಕಿಯಿಂದ ವಿದ್ವಾಂಸನ ಯೋಗ್ಯತೆಯನ್ನು ಅಳೆಯಕೂಡದೆಂದು ಘೋಷಣೆಯೊಂದನ್ನು ಸಿದ್ಧಪಡಿಸಿದರು. ಘೋಷಣೆಗೆ ಸಹಿ ಮಾಡಿದವರು ಬಹಳ. ಕೋಲನ್ನು ಕೆಳಗಿಟ್ಟವರು ಇನ್ನೂ ಕಡಿಮೆ.

ಮತ್ತೊಂದು ಲೇಖಕನ ಹಣದ ಒಡೆತನ. ಓದುವವನು ಚಂದಾ ಕೊಡುವ ಬದಲು ಬರೆಯುವವನೇ ಶುಲ್ಕ ಕೊಟ್ಟರೆ ಲೇಖನವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಡುವ ಪದ್ಧತಿಯು ಈ ಶತಮಾನದಲ್ಲಿ ಬಲವಾಗಿ ಬೆಳೆದಿದೆ. ಉದ್ದೇಶವು ಉದಾರವೇ. ಆದರೆ ಹೆಸರುವಾಸಿಯಾದ ಪತ್ರಿಕೆಗಳಲ್ಲಿ ಒಂದು ಲೇಖನದ ಶುಲ್ಕವು ಲಕ್ಷ ರೂಪಾಯಿಗಳನ್ನು ಮೀರುವುದುಂಟು. ನಮ್ಮ ಜಿಲ್ಲಾ ಊರಿನ ಅಧ್ಯಾಪಕನು ಅದನ್ನು ಎಲ್ಲಿಂದ ತರಬೇಕು? ಅಲ್ಲದೆ, ಅಚ್ಚಾದ ಪ್ರತಿ ಲೇಖನಕ್ಕೂ ಹಣ ಬರುವುದಾದರೆ, ತಿರಸ್ಕರಿಸುವ ಸಂಪಾದಕನು ತನ್ನ ಗಲ್ಲೆಗೆ ತಾನೇ ಕಲ್ಲು ಹಾಕಿಕೊಂಡಂತೆ. ೨೦೧೩ರಲ್ಲಿ ಸೈನ್ಸ್ ಎಂಬ ಪ್ರಸಿದ್ಧ ಪತ್ರಿಕೆಯ ಪರವಾಗಿ ಜಾನ್ ಬೊಹಾನನ್ ಎಂಬವರು ಎದ್ದುಕಾಣುವ ತಪ್ಪುಗಳುಳ್ಳ ಸುಳ್ಳು ಲೇಖನವೊಂದನ್ನು ಹೆಣೆದು ಇಂತಹ ೩೦೪ ಪತ್ರಿಕೆಗಳಿಗೆ ಕಳುಹಿಸಿದರು. ೧೫೭ ಪತ್ರಿಕೆಗಳು ಅದನ್ನು ಸ್ವೀಕರಿಸಿದವು. ಅರ್ಧಕ್ಕಿಂತ ಹೆಚ್ಚು ಬಾಗಿಲುಗಳಲ್ಲಿ ಕಾವಲುಗಾರನು ಹಣದ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಮಲಗಿದ್ದನೆಂದಾಯಿತು.

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ಗೀಸರು ನ್ಯೂಯಾರ್ಕಿನಲ್ಲಿ ಸಂಘವನ್ನು ಕಟ್ಟಿದ ೧೯೨೦ನೆಯ ವರ್ಷವೇ ಡಾಕ್ಟರ್ ರಫೀಉದ್ದೀನ್ ಅಹಮದರು ಕಲ್ಕತ್ತೆಯಲ್ಲಿ ಭಾರತದ ಮೊದಲನೆಯ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ಅಮೆರಿಕದ ಅಯೋವದಲ್ಲಿ ವಿದ್ಯೆಯನ್ನು ಕಲಿತು ಬಂದಿದ್ದ ಅವರು ಸರಕಾರದ ಬಾಗಿಲಲ್ಲಿ ಕಾಯದೆ, ನಗರದಲ್ಲಿ ಸೋಡಾ ಪಾನೀಯಗಳ ಅಂಗಡಿಯೊಂದನ್ನು ತೆರೆದು ಅದರ ಆದಾಯದಿಂದ ಕಾಲೇಜನ್ನು ನಡೆಸಿದರು. ೧೯೨೫ರಲ್ಲಿ ಇಂಡಿಯನ್ ಡೆಂಟಲ್ ಜರ್ನಲ್ ಎಂಬ ಪತ್ರಿಕೆಯನ್ನು ಆರಂಭಿಸಿ ೧೯೪೬ರವರೆಗೆ ತಾವೇ ಅದರ ಸಂಪಾದಕರಾಗಿದ್ದರು. ೧೯೪೯ರಲ್ಲಿ ಕಾಲೇಜನ್ನು ಪಶ್ಚಿಮ ಬಂಗಾಳದ ಸರಕಾರಕ್ಕೆ ದಾನವಾಗಿ ಒಪ್ಪಿಸಿಬಿಟ್ಟರು. ತನ್ನ ಗಳಿಕೆಯನ್ನು ವಿದ್ಯೆಗೆ ಸುರಿದು, ವಿದ್ಯೆಯಿಂದ ಗಳಿಕೆಯನ್ನು ಬಯಸದ ಇಂತಹ ಪುರುಷನು ಈ ವೃತ್ತಿಯ ಮೂಲದಲ್ಲಿರುವುದು ನಮ್ಮ ಭಾಗ್ಯವು. ಇಂದು ದೇಶದಲ್ಲಿ ದಂತವೈದ್ಯ ಕಾಲೇಜುಗಳು ಮುನ್ನೂರಕ್ಕೂ ಹೆಚ್ಚಾಗಿವೆ. ಅವು ದಟ್ಟವಾಗಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಭಾರತೀಯ ದಂತಸಂಶೋಧನ ಸಂಘದ ಇಂಡಿಯನ್ ಜರ್ನಲ್ ಆಫ್ ಡೆಂಟಲ್ ರಿಸರ್ಚ್ ಮೊದಲ್ಗೊಂಡು ಪತ್ರಿಕೆಗಳೂ ಹಲವು ಇವೆ. ಕೊರತೆಯಿರುವುದು ಪತ್ರಿಕೆಗಳ ಸಂಖ್ಯೆಯಲ್ಲಲ್ಲ. ಬಡ್ತಿಗಾಗಿ ಬರೆದು, ಯಾರೂ ಓದದಿರುವಲ್ಲಿ ಅಚ್ಚುಹಾಕಿಸಿ, ಪಟ್ಟಿಗೆ ಒಂದು ಸಾಲು ಸೇರಿಸಿಕೊಳ್ಳುವ ಅಭ್ಯಾಸವು ಬೇರೂರಿರುವುದೇ ಕೊರತೆಯು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬಂತೆ, ಅಹಮದರ ಕಾಲದಲ್ಲಿ ಮನಸ್ಸಿದ್ದು ಸಾಧನಗಳಿರಲಿಲ್ಲ, ಇಂದು ಸಾಧನಗಳಿವೆ.

ನಮ್ಮ ನೆಲದ ಪ್ರಶ್ನೆಯನ್ನು ನಾವೇ ಕೇಳದಿದ್ದರೆ ಪರರ ಉತ್ತರವು ನಮಗೆ ಒದಗದೆಂಬುದಕ್ಕೆ ಆ ಕೊಲರಾಡೊದ ಕಂದು ಕಲೆಯ ಕಥೆಯೇ ಸಾಕ್ಷಿ. ಕಲೆಗೆ ಕಾರಣವು ಕುಡಿಯುವ ನೀರಿನಲ್ಲಿರುವ ಫ್ಲೋರೈಡ್ ಎಂದು ೧೯೩೧ರಲ್ಲಿ ತಿಳಿಯಿತು. ಅದನ್ನು ಕಂಡುಹಿಡಿದ ಚರ್ಚಿಲ್ ಎಂಬ ರಸಾಯನಜ್ಞನು ಅಲ್ಯೂಮಿನಿಯಂ ಕಂಪನಿಯ ನೌಕರನು. ತಮ್ಮ ಪಾತ್ರೆಗಳ ಮೇಲೆ ಅಪವಾದ ಬಾರದಿರಲೆಂದು ಆ ಕಂಪನಿಯು ನೀರನ್ನು ಪರೀಕ್ಷಿಸಿದ್ದಿತು. ಲಾಭದ ಭಯದಿಂದಲೂ ಒಮ್ಮೊಮ್ಮೆ ಸತ್ಯವು ಹುಟ್ಟುವುದು. ಆದರೆ ಅದನ್ನೇ ನೆಚ್ಚಿ ಕುಳಿತಿರಲಾಗದು. ಮಿತವಾದ ಫ್ಲೋರೈಡ್ ಹುಳುಕನ್ನು ತಡೆಯುವುದೆಂದು ತಿಳಿದು ೧೯೪೫ರ ಜನವರಿಯಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಅದನ್ನು ಬೆರೆಸಲಾರಂಭಿಸಿದರು. ಅವರ ಪ್ರಶ್ನೆಯು ಎಷ್ಟು ಬೆರೆಸಬೇಕೆಂಬುದು. ನಮ್ಮ ಪ್ರಶ್ನೆಯೋ ತದ್ವಿರುದ್ಧವಾದುದು. ಮದರಾಸು ಆಧಿಪತ್ಯದ ನೆಲ್ಲೂರು ಪ್ರಾಂತದಲ್ಲಿ ಹೆಚ್ಚಿನ ಫ್ಲೋರೈಡಿನಿಂದ ಜನರ ಎಲುಬುಗಳೇ ಬಿಗಿದುಹೋಗಿರುವುದನ್ನು ೧೯೩೭ರಲ್ಲಿ ಶಾರ್ಟ್ ಮೊದಲಾದವರು ಪ್ರಕಟಿಸಿದರು. ನಮ್ಮ ಪಾವಗಡ, ಬಾಗೇಪಲ್ಲಿ ತಾಲ್ಲೂಕುಗಳ ಕೊಳವೆಬಾವಿಗಳ ನೀರಿನಲ್ಲಿಯೂ ಅದೇ ಪೀಡೆಯು. ಲೀಟರಿಗೆ ೧.೫ ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂಬುದು ನಮ್ಮ ದೇಶದ ಕಟ್ಟಕಡೆಯ ಮಿತಿಯು. ಒಂದೇ ವಸ್ತುವು ಅಲ್ಲಿ ಔಷಧಿ, ಇಲ್ಲಿ ವಿಷ. ಅವರ ಪತ್ರಿಕೆಯು ನಮ್ಮ ಬಾವಿಯನ್ನು ತೋಡಿ ನೋಡಲಾರದು.

ಇನ್ನು, ನಮ್ಮ ಪತ್ರಿಕೆಗಳ ಧೈರ್ಯವನ್ನು ನಿಜವಾಗಿ ಒರೆಹಚ್ಚುವ ವಸ್ತುವೊಂದಿದೆ, ಅದು ಅಡಕೆ. ಈ ಮಾತು ನಮ್ಮ ವಾಚಕರಲ್ಲಿಯೇ ಅನೇಕರಿಗೆ ಕಹಿಯಾದೀತೆಂದು ಬಲ್ಲೆವು. ಭಾರತದಲ್ಲಿ ಅತ್ಯಧಿಕವಾಗಿ ಅಡಕೆಯನ್ನು ಬೆಳೆಯುವ ರಾಜ್ಯವು ನಮ್ಮದು. ಮಲೆನಾಡಿನ ಮನೆಮನೆಯ ಒಲೆಯು ಅದರಿಂದ ಉರಿಯುತ್ತದೆ. ಮಂಗಳಕಾರ್ಯಗಳಲ್ಲಿ ಅದಿಲ್ಲದೆ ತಾಂಬೂಲವಿಲ್ಲ. ಆದರೆ ಬಾಯಿಯೊಳಗಿನ ಪೊರೆಯು ಗಡುಸಾಗಿ ಬಾಯಿಯನ್ನೇ ತೆರೆಯಲಾಗದಂತಾಗುವ ರೋಗವೊಂದನ್ನು ಮುಂಬಯಿಯ ಜೋಶಿ ಎಂಬ ವೈದ್ಯರು ೧೯೫೩ರಲ್ಲಿ ವರ್ಣಿಸಿದರು. ಅಡಕೆಯ ಅಗಿತವೇ ಅದರ ಮುಖ್ಯ ಕಾರಣವೆಂದು ಅನಂತರದ ಸಂಶೋಧನೆಗಳು ತೋರಿಸಿದುವು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನ ಮಂಡಲಿಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಗೆಸೊಪ್ಪಿಲ್ಲದ ಅಡಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಗುಟಕಾದ ಪಾಪವನ್ನು ಶುದ್ಧ ಅಡಕೆಯ ತಲೆಗೆ ಕಟ್ಟುವರೆಂಬುದು ಬೆಳೆಗಾರರ ದೂರು. ಆ ದೂರನ್ನು ತಳ್ಳಿಹಾಕುವುದೂ ಸಲ್ಲದು, ಅದನ್ನು ಹಿಡಿದುಕೊಂಡು ಪ್ರಮಾಣಗಳಿಗೆ ಕಣ್ಣು ಮುಚ್ಚುವುದೂ ಸಲ್ಲದು. ಅದಕ್ಕಿರುವ ಉತ್ತರವು ಒಂದೇ: ಹೆಚ್ಚು ಸಂಶೋಧನೆ, ನಮ್ಮ ಜನರ ಬಾಯಿಗಳ ಮೇಲೆಯೇ ನಡೆದ ಸಂಶೋಧನೆ, ಅಡಕೆಯ ವ್ಯಾಪಾರಿಯ ಹಣವಿಲ್ಲದೆ ನಡೆದು ಅವನ ಮುಖ ನೋಡದೆ ಅಚ್ಚಾದ ಸಂಶೋಧನೆ. ಅಮೆರಿಕದ ಸಕ್ಕರೆಯವರನ್ನು ನಿಂದಿಸುವುದು ನಮಗೆ ಸುಲಭ. ಸಕ್ಕರೆಯು ದೂರದ್ದು, ಅಡಕೆಯು ನಮ್ಮ ತಟ್ಟೆಯದು. ಸತ್ಯವು ಕಹಿಯಾಗಿದ್ದರೆ ಅದನ್ನು ಮುಚ್ಚುವುದು ಬೆಳೆಗಾರನಿಗೆ ಮಾಡಿದ ಉಪಕಾರವಲ್ಲ. ಬೇರೆ ಬೆಳೆಗೆ ಹೊರಳಲು ಅವನಿಗೆ ಕಾಲವನ್ನೂ ಹಣವನ್ನೂ ಒದಗಿಸುವಂತೆ ಸರಕಾರವನ್ನು ಮುಂಚೆಯೇ ಎಚ್ಚರಿಸುವುದು ಉಪಕಾರವು.

ಹೀಗಿರಲಾಗಿ ದಂತಸಂಶೋಧನೆಯ ಪತ್ರಿಕೆಗಳು ಮುಂದೆ ಹಿಡಿಯಬೇಕಾದ ಹಾದಿಯು ಯಾವುದು? ನಮ್ಮ ಅಭಿಪ್ರಾಯದಲ್ಲಿ ನಾಲ್ಕು ಕೆಲಸಗಳು ಮುಖ್ಯವಾಗಿವೆ.

ಮೊದಲನೆಯದು, ಒ‌ಡೆತನವು ವಿದ್ವಾಂಸರ ಸಂಘಗಳಲ್ಲಿಯೋ ವಿಶ್ವವಿದ್ಯಾಲಯಗಳಲ್ಲಿಯೋ ಇರತಕ್ಕದ್ದು. ಪತ್ರಿಕೆಯ ಆದಾಯವು ಎಲ್ಲೆಲ್ಲಿಂದ ಬಂದಿತೆಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿಯೇ ಅಚ್ಚುಮಾಡತಕ್ಕದ್ದು. ಲೇಖಕನು ತನಗೆ ಹಣ ಕೊಟ್ಟವರ ಹೆಸರನ್ನು ಹೇಳಬೇಕೆಂಬ ನಿಯಮವು ಈಗಾಗಲೇ ಒಳ್ಳೆಯ ಪತ್ರಿಕೆಗಳಲ್ಲಿದೆ. ಲೇಖಕನಿಗೆ ವಿಧಿಸಿದ ನಿಯಮವು ಪತ್ರಿಕೆಗೆ ಏಕೆ ಬೇಡ?

ಎರಡನೆಯದು, ಫಲಿಸದ ಪ್ರಯೋಗಗಳಿಗೂ ಸ್ಥಳವಿರಬೇಕು. ಹೊಸ ಔಷಧವು ಗೆದ್ದಿತೆಂಬ ಸುದ್ದಿಗೆ ಎಲ್ಲ ಪತ್ರಿಕೆಗಳ ಬಾಗಿಲೂ ತೆರೆದಿರುವುದು; ಸೋತಿತೆಂಬ ಸುದ್ದಿಯು ಮೇಜಿನ ಗೂಡಿನಲ್ಲಿ ಉಳಿಯುವುದು. ಸೋತುದನ್ನು ತಿಳಿಯದ ಮತ್ತೊಬ್ಬನು ಅದೇ ಹಳ್ಳಕ್ಕೆ ಬೀಳುವನು. ಖರ್ಚಾಗುವುದು ಪ್ರಜೆಗಳ ತೆರಿಗೆಯ ಹಣ, ನೋಯುವುದು ರೋಗಿಯ ಹಲ್ಲು.

ಮೂರನೆಯದು, ಓದುವವನೂ ಬರೆಯುವವನೂ ಹಣ ಕೊಡದೆ ಸಾರ್ವಜನಿಕ ನಿಧಿಯಿಂದ ಪತ್ರಿಕೆಯು ನಡೆಯಬೇಕು. ಇದು ಆಗದ ಮಾತೆಂದು ಹೇಳುವವರು ಬ್ರೆಜಿಲ್ ದೇಶವನ್ನು ನೋಡಬಹುದು. ಅಲ್ಲಿ ಸಾವೊ ಪೌಲೊ ಪ್ರಾಂತದ ಸಂಶೋಧನಾನಿಧಿಯ ಬೆಂಬಲದಿಂದ ೧೯೯೮ರಲ್ಲಿ ಆರಂಭವಾದ ಸೈಯೆಲೊ ಎಂಬ ವ್ಯವಸ್ಥೆಯು ಲ್ಯಾಟಿನ್ ಅಮೆರಿಕದ ನೂರಾರು ಪತ್ರಿಕೆಗಳನ್ನು ಓದುಗರಿಗೆ ಉಚಿತವಾಗಿ ಒದಗಿಸುತ್ತಿದೆ. ನಮ್ಮ ಕೇಂದ್ರ ಸರಕಾರವು ೨೦೨೪ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಮೂರು ವರ್ಷಗಳಿಗೆ ಸುಮಾರು ೬,೦೦೦ ಕೋಟಿ ರೂಪಾಯಿಗಳನ್ನು ಮಂಜೂರುಮಾಡಿ, ೩೦ ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳನ್ನು ಸರಕಾರಿ ವಿದ್ಯಾಸಂಸ್ಥೆಗಳವರು ಓದುವಂತೆ ಮಾಡಿದೆ. ಇದು ಸ್ವಾಗತಾರ್ಹವೇ. ಆದರೆ ತಾಲ್ಲೂಕಿನ ಊರಿನಲ್ಲಿ ಸ್ವಂತವಾಗಿ ಚಿಕಿತ್ಸಾಲಯವನ್ನಿಟ್ಟಿರುವ ದಂತವೈದ್ಯನು ಈ ಪಂಕ್ತಿಯಲ್ಲಿ ಕೂಡುವಂತಿಲ್ಲ. ರೋಗಿಗಳು ಹೋಗುವುದಾದರೋ ಅವನ ಬಳಿಗೆ. ಪರದೇಶದ ಪ್ರಕಾಶಕರಿಗೆ ಚಂದಾ ಕಟ್ಟಲು ಇಷ್ಟು ಹಣವುಳ್ಳ ಸರಕಾರವು ಅದರಲ್ಲಿ ಅಲ್ಪಭಾಗವನ್ನು ಸ್ವದೇಶದ ಹತ್ತು ಒಳ್ಳೆಯ ಪತ್ರಿಕೆಗಳಿಗೆ, ಅವುಗಳ ಸ್ವಾತಂತ್ರ್ಯಕ್ಕೆ ಕೈಹಾಕದೆ, ಕೊಡಲಾಗದೆ? ಕೈಹಾಕದೆ ಎಂಬ ಮಾತನ್ನು ಒತ್ತಿ ಹೇಳುತ್ತೇವೆ. ವರ್ತಕನ ಉಪ್ಪಿನಂತೆ ಸರಕಾರದ ಉಪ್ಪಿಗೂ ಋಣವುಂಟು. ಹಣವನ್ನು ಕೊಡುವವರು ಬೇರೆ, ಲೇಖನವನ್ನು ಆರಿಸುವವರು ಬೇರೆ ಎಂಬ ಗೋಡೆಯನ್ನು ಮೊದಲು ಕಟ್ಟಿ ಆಮೇಲೆ ಹಣವನ್ನು ಕೊಡಬೇಕು.

ನಾಲ್ಕನೆಯದು, ಜನರ ಭಾಷೆ. ಪಂಡಿತರು ಪಂಡಿತರಿಗೆ ಇಂಗ್ಲಿಷಿನಲ್ಲಿ ಬರೆಯುವುದರಲ್ಲಿ ತಪ್ಪಿಲ್ಲ; ಲೋಕದ ವಿದ್ವಾಂಸರೊಡನೆ ಕೂಡಿ ನಡೆಯಲು ಅದು ಬೇಕೇ ಬೇಕು. ಆದರೆ ಕರ್ನಾಟಕದ ಜನರ ಬಾಯಿಯನ್ನು ಪರೀಕ್ಷಿಸಿ ಬರೆದ ಪ್ರತಿ ಲೇಖನದ ಸಾರಾಂಶವನ್ನಾದರೂ ಒಂದು ಪುಟದಷ್ಟು ತಿಳಿಗನ್ನಡದಲ್ಲಿ ಜೊತೆಗೆ ಅಚ್ಚುಮಾಡಬೇಕೆಂಬ ನಿಯಮವನ್ನು ನಮ್ಮ ಕಾಲೇಜುಗಳು ಮಾಡಿಕೊಳ್ಳಲಿ. ಪಾವಗಡದ ಶಾಲೆಯ ಉಪಾಧ್ಯಾಯನು ತನ್ನ ಮಕ್ಕಳ ಹಲ್ಲಿನ ಕಲೆಗೆ ಕಾರಣವನ್ನು ಅದರಿಂದ ತಿಳಿದು, ಗ್ರಾಮ ಪಂಚಾಯತಿಯಲ್ಲಿ ಎದ್ದುನಿಂತು ಶುದ್ಧಜಲವನ್ನು ಕೇಳುವಂತಾದರೆ, ಆ ಒಂದು ಪುಟವು ಉಲ್ಲೇಖಗಳ ಯಾವ ಅಂಕಿಗೂ ಕಡಿಮೆಯಾದುದಲ್ಲ. ಬಾಯಿ ತೆರೆದು ಪರೀಕ್ಷೆಗೆ ಒಳಗಾದವನಿಗೆ ಪರೀಕ್ಷೆಯ ಫಲವನ್ನು ತಿಳಿಸುವುದು ಧರ್ಮವಲ್ಲವೆ?

ಯಂತ್ರಗಳೇ ಲೇಖನವನ್ನು ಬರೆದುಕೊಡುವ ಕಾಲವು ಬಂದಿರುವಾಗ ಪುಟಗಳನ್ನು ತುಂಬಿಸುವುದು ಇನ್ನು ಯಾರಿಗೂ ಕಷ್ಟವಲ್ಲ. ಯಾವುದನ್ನು ತಿರಸ್ಕರಿಸಬೇಕೆಂದು ಬಲ್ಲ ಸಂಪಾದಕನೂ, ತಿರಸ್ಕರಿಸಿದ ಮೇಲೆಯೂ ಮರುದಿನ ಪತ್ರಿಕೆಯು ಹೊರಡುವಂತೆ ಅವನನ್ನು ಕಾಯುವ ಸಂಸ್ಥೆಯೂ ಇನ್ನು ಮುಂದೆ ಬೆಲೆಯುಳ್ಳವು. ಗೀಸರು ತಮ್ಮ ದೇಶದ ಹಲ್ಲಿನ ವರ್ತಕರನ್ನು ಎದುರಿಸಿ ಅಂತಹ ಪತ್ರಿಕೆಯನ್ನು ನಿಲ್ಲಿಸಿದರು. ಅಹಮದರು ಸೋಡಾ ಮಾರಿದ ದುಡ್ಡಿನಿಂದ ಅದಕ್ಕೆ ಇಲ್ಲಿ ಅಡಿಗಲ್ಲನ್ನಿಟ್ಟರು. ಅಡಕೆ ಬೆಳೆಯುವ ನಾಡಿನ ನಡುವೆ ಕುಳಿತು ಅಡಕೆಯ ವಿಷಯವಾಗಿ ತಾನು ಕಂಡುದನ್ನು ಕಂಡಂತೆ ಅಚ್ಚುಮಾಡಿ, ಅದನ್ನು ಬೆಳೆಗಾರನ ಮುಂದೆಯೇ ಕನ್ನಡದಲ್ಲಿ ಓದಿ ಹೇಳಬಲ್ಲ ದಂತಪತ್ರಿಕೆಯೊಂದು ನಮ್ಮ ಕಾಲೇಜುಗಳಲ್ಲಿ ಯಾವುದರಿಂದಲಾದರೂ ಹೊರಡಲಿ. ಅದಕ್ಕೆ ಚಂದಾ ಕೊಡುವ ಮೊದಲಿಗರಲ್ಲಿ ನಾವೂ ಇರುವೆವು.